ಅಂತರಿಕ್ಷದ ಒಂಟಿ ಅಲೆಗಳು

ಕೆರೆಯ ನೀರಿಗೆ ಕಲ್ಲೊಂದನ್ನು ಎಸೆದರೆ ಅಲೆಗಳು ಒಂದರ ಹಿಂದೊಂದು ಬಳೆಗಳಂತೆ ಹರಡಿ, ದಡ ಮುಟ್ಟುವಷ್ಟರಲ್ಲಿ ಸೋತು ಮಾಯವಾಗುತ್ತವೆ. ಅಲೆ ಎಂದರೆ ಏಳುಬೀಳುಗಳ ಸಾಲು, ಹರಡಿದಂತೆಲ್ಲ ಕುಗ್ಗುವುದು ಅದರ ಸ್ವಭಾವ ಎಂದು ನಾವು ಎಣಿಸುವುದು ಇಂತಹ ಅನುಭವದಿಂದಲೇ. ಆದರೆ 1834ರ ಆಗಸ್ಟ್ ತಿಂಗಳಿನಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಸಮೀಪದ ಯೂನಿಯನ್ ಕಾಲುವೆಯಲ್ಲಿ, ಜಾನ್ ಸ್ಕಾಟ್ ರಸೆಲ್ ಎಂಬ ಎಂಜಿನಿಯರು ಕಂಡ ಅಲೆ ಈ ಜಾತಿಗೆ ಸೇರಿದುದಲ್ಲ. ಜೋಡಿ ಕುದುರೆಗಳು ಎಳೆಯುತ್ತಿದ್ದ ದೋಣಿಯೊಂದು ಥಟ್ಟನೆ ನಿಂತಿತು. ಅದರ ಮೂತಿಯ ಬಳಿ ಕಲಕಿದ ನೀರು ಒಂದೇ ಒಂದು ನುಣುಪಾದ ದಿಬ್ಬವಾಗಿ ಮುಂದೆ ಸಾಗಿತು. ಅದರ ಉದ್ದ ಸುಮಾರು 30 ಅಡಿ, ಎತ್ತರ ಒಂದರಿಂದ ಒಂದೂವರೆ ಅಡಿ. ರಸೆಲ್ ಕುದುರೆಯೇರಿ ಬೆನ್ನಟ್ಟಿದನು. ಗಂಟೆಗೆ 8-9 ಮೈಲಿಗಳ ವೇಗದಲ್ಲಿ ಓಡುತ್ತಿದ್ದ ಆ ದಿಬ್ಬ ತನ್ನ ಆಕಾರವನ್ನು ಬಿಟ್ಟುಕೊಡದೆ, ಎತ್ತರದಲ್ಲಿ ಮಾತ್ರ ಮೆಲ್ಲಮೆಲ್ಲನೆ ತಗ್ಗುತ್ತ, ಒಂದೆರಡು ಮೈಲಿಗಳಾಚೆ ಕಾಲುವೆಯ ತಿರುವುಗಳಲ್ಲಿ ಕಣ್ಮರೆಯಾಯಿತು.

ಇಂತಹ ಒಂಟಿ ಅಲೆಗಳು ನೀರೂ ಗಾಳಿಯೂ ಇಲ್ಲದ ಅಂತರಿಕ್ಷದಲ್ಲಿಯೂ ಇವೆ. ಹಾಗಾದರೆ ಅವು ಯಾವುದರ ಅಲೆಗಳು?

ಭೂಮಿಗೂ ಸೂರ್ಯನಿಗೂ ನಡುವಣ ಅವಕಾಶ ಬರಿಯ ಶೂನ್ಯವಲ್ಲ. ಅತಿ ವಿರಳವಾದ ಪ್ಲಾಸ್ಮಾ ಅಲ್ಲಿ ತುಂಬಿದೆ. ಪರಮಾಣುಗಳು ಒಡೆದು, ಋಣವಿದ್ಯುತ್ತಿನ ಎಲೆಕ್ಟ್ರಾನುಗಳೂ ಧನವಿದ್ಯುತ್ತಿನ ಅಯಾನುಗಳೂ ಬೇರೆ ಬೇರೆಯಾಗಿ ಚಲಿಸುವ ಸ್ಥಿತಿಗೆ ಪ್ಲಾಸ್ಮಾ ಎಂದು ಹೆಸರು. ಅಲ್ಲಿ ಕಣಕ್ಕೆ ಕಣ ತಾಗುವುದು ತೀರ ಅಪರೂಪ. ಅವುಗಳ ನಡುವಿನ ವ್ಯವಹಾರವೆಲ್ಲ ವಿದ್ಯುತ್ ಮತ್ತು ಕಾಂತಬಲಗಳ ಮೂಲಕ ನಡೆಯುತ್ತದೆ. ಹೈಡ್ರೊಜನ್ನಿನ ಅಯಾನು, ಎಂದರೆ ಪ್ರೋಟಾನು, ಎಲೆಕ್ಟ್ರಾನಿಗಿಂತ 1,836 ಮಡಿ ಭಾರವಾದುದು. ಅಯಾನುಗಳು ಒಂದೆಡೆ ಕಿಕ್ಕಿರಿದರೆ ಹಗುರವಾದ ಎಲೆಕ್ಟ್ರಾನುಗಳು ಅಲ್ಲಿಗೆ ಧಾವಿಸುತ್ತವೆ. ಆದರೆ ಉಷ್ಣದಿಂದ ಕುಣಿಯುವ ಅವು ಅಯಾನುಗಳನ್ನು ಸಂಪೂರ್ಣವಾಗಿ ಮುಚ್ಚಲಾರವು, ತುಸು ಹೊರಗೂ ಚೆಲ್ಲುತ್ತವೆ. ಇದರಿಂದ ಉಂಟಾದ ವಿದ್ಯುತ್ ಕ್ಷೇತ್ರ ಅಯಾನುಗಳನ್ನು ಮುಂದಕ್ಕೆ ನೂಕುತ್ತದೆ. ಹೀಗೆ ಸಾಗುವುದೇ ಅಯಾನು-ಶಬ್ದತರಂಗ.

ಅಲೆ ಸಣ್ಣದಾಗಿರುವವರೆಗೆ ವಿಶೇಷವೇನೂ ಇಲ್ಲ. ದೊಡ್ಡದಾದಾಗ ಅದರ ನೆತ್ತಿ ಬುಡಕ್ಕಿಂತ ವೇಗವಾಗಿ ಓಡತೊಡಗುತ್ತದೆ. ಕಾರಣಕ್ಕೆ ತಕ್ಕ ಪ್ರಮಾಣವನ್ನು ಮೀರಿ ಪರಿಣಾಮ ತೋರುವ ಈ ಗುಣಕ್ಕೆ ಅರೇಖೀಯತೆ ಎನ್ನುತ್ತಾರೆ. ಇದೊಂದೇ ಇದ್ದಿದ್ದರೆ ಅಲೆಯ ಮುಂಭಾಗ ಕಡಿದಾಗುತ್ತ, ಕಡಲ ತೆರೆಯಂತೆ ಮಗುಚಿ ಬೀಳಬೇಕಾಗಿತ್ತು. ಆದರೆ ಕಡಿದಾದ ಅಂಚು ಎಂದರೆ ಅನೇಕ ಗಿಡ್ಡ ತರಂಗಗಳ ಕೂಟ. ಪ್ಲಾಸ್ಮಾದಲ್ಲಿ ಗಿಡ್ಡ ತರಂಗಗಳು ನೀಳ ತರಂಗಗಳಿಗಿಂತ ನಿಧಾನವಾಗಿ ಚಲಿಸುತ್ತವೆ. ಡಿಬೈ ದೂರ ಎಂಬ ಒಂದು ಅಳತೆಯನ್ನು ಸಮೀಪಿಸಿದಾಗ ಎಲೆಕ್ಟ್ರಾನುಗಳ ಹೊದಿಕೆ ಸಡಿಲವಾಗುವುದೇ ಇದಕ್ಕೆ ಕಾರಣ. (ಭೂಮಿಯ ಬಳಿಯ ಸೌರಮಾರುತದಲ್ಲಿ ಈ ದೂರ ಸುಮಾರು 10 ಮೀಟರು.) ಒಂದು ಗುಣ ಅಲೆಯನ್ನು ಒತ್ತಿ ಚೂಪಾಗಿಸುತ್ತದೆ, ಇನ್ನೊಂದು ಹರಡಿ ಚಪ್ಪಟೆಯಾಗಿಸುತ್ತದೆ. ಎರಡೂ ಸರಿದೂಗಿದಾಗ ದಿಬ್ಬ ಆಕಾರಗೆಡದೆ ಉಳಿಯುತ್ತದೆ.

ನೀರಿನ ವಿಷಯದಲ್ಲಿ ಈ ಸಮತೋಲವನ್ನು 1895ರಲ್ಲಿ ಕೋರ್ಟವೆಗ್ ಮತ್ತು ಡಿ ವ್ರೀಸ್ ಎಂಬ ಡಚ್ ಗಣಿತಜ್ಞರು ಸಮೀಕರಣವಾಗಿ ಬರೆದರು. 1966ರಲ್ಲಿ ಜಪಾನಿನ ವಾಶಿಮಿ ಮತ್ತು ತಾನಿಯೂಟಿ ಅದೇ ಸಮೀಕರಣ ಅಯಾನು-ಶಬ್ದತರಂಗಕ್ಕೂ ಒಪ್ಪುವುದೆಂದು ತೋರಿಸಿದರು. 1970ರಲ್ಲಿ ಪ್ರಯೋಗಶಾಲೆಯ ಪ್ಲಾಸ್ಮಾದಲ್ಲಿ ಅಂತಹ ಅಲೆ ಕಂಡುಬಂದಿತು. ಇವುಗಳಲ್ಲಿ ಎತ್ತರವಾದದ್ದು ಕಿರಿದು, ಮತ್ತು ವೇಗಶಾಲಿ. ಎತ್ತರ ನಾಲ್ಕು ಮಡಿಯಾದರೆ ಅಗಲ ಅರ್ಧವಾಗುತ್ತದೆ. ಒಂದನ್ನೊಂದು ಹಾದುಹೋದ ಮೇಲೂ ತಮ್ಮ ರೂಪವನ್ನು ಕಾಯ್ದುಕೊಳ್ಳುವ ಇಂತಹವಕ್ಕೆ 1965ರಲ್ಲಿ ಜಬುಸ್ಕಿ ಮತ್ತು ಕ್ರುಸ್ಕಲ್ ಸಾಲಿಟಾನ್ ಎಂದು ಹೆಸರಿಟ್ಟಿದ್ದರು.

ಅಂತರಿಕ್ಷದಲ್ಲಿ ಇವು ಬಹುಕಾಲ ಕಿವಿಗೆ ಬಿದ್ದರೂ ಗುರುತು ಸಿಕ್ಕದೆ ಉಳಿದಿದ್ದವು. ಸೂರ್ಯನಿಗೆ ವಿಮುಖವಾಗಿ ಚಾಚಿರುವ ಭೂಮಿಯ ಕಾಂತಬಾಲದಲ್ಲಿ, ಎಲ್ಲ ಕಂಪನಸಂಖ್ಯೆಗಳಲ್ಲಿಯೂ ಹರಡಿಕೊಂಡ ಒಂದು ಗದ್ದಲವನ್ನು 1970ರ ದಶಕದ ಉಪಗ್ರಹಗಳು ದಾಖಲಿಸಿದ್ದವು. ಆ ಉಪಕರಣಗಳು ಯಾವ ಕಂಪನಸಂಖ್ಯೆಯಲ್ಲಿ ಎಷ್ಟು ಬಲವಿದೆ ಎಂಬ ಸರಾಸರಿ ಲೆಕ್ಕವನ್ನಷ್ಟೇ ಕೊಡುತ್ತಿದ್ದವು. ಒಂದು ಚಪ್ಪಾಳೆಯಲ್ಲಿ ಸಣ್ಣ ದನಿ ದಪ್ಪ ದನಿಗಳೆಲ್ಲವೂ ಅಡಗಿರುವಂತೆ, ಚೂಪಾದ ಒಂದು ಮಿಡಿತದಲ್ಲಿ ಎಲ್ಲ ಕಂಪನಸಂಖ್ಯೆಗಳೂ ಇರುತ್ತವೆ. ಚಪ್ಪಾಳೆಗಳ ಸರಾಸರಿ ತೆಗೆದರೆ ಗದ್ದಲವಲ್ಲದೆ ಮತ್ತೇನು ದೊರೆತೀತು! 1992ರಲ್ಲಿ ಹಾರಿದ ಜಪಾನಿನ ಜಿಯೋಟೇಲ್ ಉಪಗ್ರಹ ವಿದ್ಯುತ್ ಕ್ಷೇತ್ರದ ಏರಿಳಿತವನ್ನು ಇದ್ದ ರೂಪದಲ್ಲಿಯೇ ಬರೆದುಕೊಂಡಿತು. 1994ರಲ್ಲಿ ಮಾತ್ಸುಮೊಟೊ ಮತ್ತು ಸಂಗಡಿಗರು ಪ್ರಕಟಿಸಿದ ಆ ದಾಖಲೆಯಲ್ಲಿ ಗದ್ದಲ ಕರಗಿ, ಬಿಡಿ ಮಿಡಿತಗಳು ಎದ್ದು ಕಂಡವು. ಪ್ರತಿ ಮಿಡಿತದಲ್ಲಿಯೂ ಕ್ಷೇತ್ರ ಮೊದಲು ಒಂದು ದಿಕ್ಕಿಗೆ, ಮರುಕ್ಷಣ ಎದುರು ದಿಕ್ಕಿಗೆ. ದಿಬ್ಬವನ್ನು ಹತ್ತಿ ಇಳಿಯುವವನಿಗೆ ನೆತ್ತಿಯನ್ನು ದಾಟಿದೊಡನೆ ಇಳಿಜಾರು ತಿರುಗುವಂತೆ, ವಿದ್ಯುದ್ವಿಭವದ ದಿಬ್ಬವೊಂದು ಉಪಗ್ರಹವನ್ನು ಹಾದುಹೋದುದರ ಗುರುತು ಇದು.

ಹಾಗೆಂದು ಇವೆಲ್ಲವನ್ನೂ ಸಾಲಿಟಾನ್ ಎಂದುಬಿಡುವುದು ಆತುರವಾದೀತು. ಜಿಯೋಟೇಲ್ ಕಂಡ ಮಿಡಿತಗಳೂ, 1996ರಲ್ಲಿ ಹಾರಿದ ಫಾಸ್ಟ್ ಉಪಗ್ರಹ ಧ್ರುವಪ್ರಭೆಯ ವಲಯದಲ್ಲಿ ಕಂಡ, ಸೆಕೆಂಡಿಗೆ ಸಾವಿರಾರು ಕಿಲೋಮೀಟರು ಧಾವಿಸುವ ಮಿಡಿತಗಳೂ ಬೇರೊಂದು ಕುಲದವು. ಅಯಾನುಗಳ ಅಲೆಗೆ ಅಷ್ಟು ವೇಗವಿಲ್ಲ. ಅವುಗಳನ್ನು ಎಲೆಕ್ಟ್ರಾನು ಕುಳಿಗಳೆಂದು ಕರೆಯುತ್ತಾರೆ. ವೇಗದ ಎಲೆಕ್ಟ್ರಾನು ಪ್ರವಾಹ ಪ್ಲಾಸ್ಮಾದೊಳಗೆ ನುಗ್ಗಿದಾಗ ಅಲ್ಲಲ್ಲಿ ಎಲೆಕ್ಟ್ರಾನುಗಳ ಕೊರತೆ ಬೀಳುತ್ತದೆ. ಅಲ್ಲಿ ಏಳುವ ಧನವಿಭವ ಕೆಲವು ಎಲೆಕ್ಟ್ರಾನುಗಳನ್ನು ಸೆರೆಹಿಡಿದು ತೊಟ್ಟಿಲಿನಂತೆ ತೂಗುತ್ತದೆ. ಆ ಸೆರೆಯಾಳುಗಳೇ ಕೊರತೆಯನ್ನು ಉಳಿಸಿಕೊಂಡು ಹೋಗುತ್ತವೆ. ಇಂತಹ ರಚನೆ ಸಾಧ್ಯವೆಂಬುದನ್ನು 1957ರಲ್ಲಿಯೇ ಬರ್ನ್‌ಸ್ಟೈನ್, ಗ್ರೀನ್ ಮತ್ತು ಕ್ರುಸ್ಕಲ್ ಲೆಕ್ಕದಿಂದ ತೋರಿಸಿದ್ದರು. ಕಣಗಳು ಡಿಕ್ಕಿಹೊಡೆಯದ ಎಡೆಯಲ್ಲಿ ವೇಗದ ಪ್ರವಾಹ ತನ್ನ ಶಕ್ತಿಯನ್ನು ಹೇಗೆ ಕಳೆದುಕೊಳ್ಳುತ್ತದೆ ಎಂಬ ಹಳೆಯ ಪ್ರಶ್ನೆಗೆ ಈ ಕುಳಿಗಳು ಉತ್ತರದ ಒಂದು ಭಾಗ. ಆದುದರಿಂದಲೇ ಕುಲವನ್ನು ಗುರುತಿಸುವುದು ಬರಿಯ ಹೆಸರಿನ ಜಗಳವಲ್ಲ.

ನಮ್ಮ ದೇಶದಲ್ಲಿ ನವಿ ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆಯವರು ಈ ವಿಷಯದಲ್ಲಿ ಬಹಳ ಕೆಲಸ ಮಾಡಿದ್ದಾರೆ. ಮಂಗಳವನ್ನು ಸುತ್ತುವ ಮೇವನ್ ನೌಕೆಯ ದಾಖಲೆಗಳಲ್ಲಿ ಅವರು ಸುಮಾರು 450 ಒಂಟಿ ಮಿಡಿತಗಳನ್ನು ಹುಡುಕಿ 2022ರಲ್ಲಿ ಪ್ರಕಟಿಸಿದರು; ಒಂದೊಂದರ ಅವಧಿ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸು ಮಾತ್ರ. 2015ರಲ್ಲಿ ಹಾರಿದ ಅಮೆರಿಕದ ನಾಲ್ಕು ಜೊತೆ ಉಪಗ್ರಹಗಳು ಒಂದೇ ದಿಬ್ಬ ತಮ್ಮೆದುರು ಒಬ್ಬೊಬ್ಬರನ್ನಾಗಿ ದಾಟಿಹೋಗುವ ಹೊತ್ತನ್ನು ಅಳೆದು ಅದರ ವೇಗವನ್ನೂ ದಿಕ್ಕನ್ನೂ ಹೇಳಬಲ್ಲವು. ಸೌರಮಾರುತ ಭೂಮಿಯ ಕಾಂತಕವಚಕ್ಕೆ ಬಡಿಯುವ ಆಘಾತದ ಗಡಿಯಲ್ಲಿ ಅವು ಕಂಡ ಮಿಡಿತಗಳಲ್ಲಿ ಬಹುಪಾಲು ದಿಬ್ಬಗಳೇ ಅಲ್ಲ, ಋಣವಿಭವದ ತಗ್ಗುಗಳು. ಅಲ್ಲಿ ಸೆರೆಯಾಗಿ ತೂಗುತ್ತಿದ್ದುದು ಎಲೆಕ್ಟ್ರಾನುಗಳಲ್ಲ, ಅಯಾನುಗಳು.