ಎಷ್ಟು ವರ್ಷದಿಂದ ಇದ್ದೀರಿ?

ಮಗಳೇ, ಹನ್ನೊಂದು ತಿಂಗಳು ಮುಗಿಯಿತೋ ಇಲ್ಲವೋ, ಓನರ್ ಬಾಡಿಗೆಯನ್ನು 20,000ದಿಂದ 24,000ಕ್ಕೆ ಏರಿಸಿದರು ಅಂತ ಮೊನ್ನೆ ನೀನು ಫೋನಿನಲ್ಲಿ ಒದ್ದಾಡಿದೆ. ‘ಜಾಸ್ತಿ ಏರಿಸದೇ ಇರೋ ಬಿಲ್ಡಿಂಗ್ ಯಾವುದು ಅಂತ ಮೊದಲೇ ಹೇಗೆ ಗೊತ್ತಾಗತ್ತೆ ದೊಡ್ಡಪ್ಪ?’ ಅಂತ ಕೇಳಿದೆ. ಬೆಂಗಳೂರಿನಲ್ಲಿ ಏಳು ಬಾಡಿಗೆ ಮನೆ ತಿರುಗಿದವನು ನಾನು. ಆವತ್ತು ಹೇಳಿದ್ದು ಅರ್ಧ, ಉಳಿದದ್ದು ಇಲ್ಲಿದೆ.

ಸಿಟ್ಟಿನಲ್ಲಿ ಮನೆ ಬಿಡಬೇಡ, ಮೊದಲು ಲೆಕ್ಕ ಹಾಕು. ತಿಂಗಳಿಗೆ 4,000 ಅಂದರೆ ಹನ್ನೊಂದು ತಿಂಗಳಿಗೆ 44,000. ಮನೆ ಬಿಟ್ಟರೆ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಹೊಸ ಮನೆಗೆ ಬ್ರೋಕರ್ ಇನ್ನೊಂದು ತಿಂಗಳದ್ದು ಕೇಳುತ್ತಾನೆ, ಸಾಮಾನು ಸಾಗಿಸುವ ಖರ್ಚು ಬೇರೆ. ಅಲ್ಲಿಗೆ ಹೆಚ್ಚುಕಡಿಮೆ ಸರಿಹೋಯಿತು. ಮನೆ ಖಾಲಿ ಬಿದ್ದರೆ ಓನರಿಗೂ ನಷ್ಟವೇ. ‘22,000 ಮಾಡ್ಕೊಳ್ಳಿ ಅಂಕಲ್, ಇನ್ನೂ ಮೂರು ವರ್ಷ ಇರ್ತೀನಿ’ ಅಂತ ಒಮ್ಮೆ ಕೇಳಿ ನೋಡು. ಒಪ್ಪದಿದ್ದರೆ ಹುಡುಕು.

ಕಾನೂನು ಕಾಪಾಡುತ್ತದೆ ಅನ್ನುವ ಆಸೆ ಬೇಡ. ಕರ್ನಾಟಕ ಬಾಡಿಗೆ ಕಾಯ್ದೆ ಅಂತ 1999ರದ್ದೊಂದಿದೆ, ಆದರೆ ಬೆಂಗಳೂರಿನಲ್ಲಿ ಅದು ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳ ಗೋಜಿಗೇ ಬರುವುದಿಲ್ಲ. ಇವತ್ತು ಆ ದುಡ್ಡಿಗೆ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಮೀರಬಾರದು ಅನ್ನುತ್ತದೆ. ಓದಲು ಚೆನ್ನಾಗಿದೆ, ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ಜಾರಿಗೆ ತಂದರಷ್ಟೇ ನಿನಗೆ ದಕ್ಕುವುದು. ಹಾಗಾಗಿ ನಿನ್ನ ಕೈಲಿರುವುದು ಎರಡೇ, ಕರಾರಿನಲ್ಲಿ ಬರೆಸಿದ ಅಂಕಿ ಮತ್ತು ಓನರಿನ ಗುಣ.

ಗುಣ ಹುಡುಕುವುದು ಎಲ್ಲಿ? ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ನೂರು ಫ್ಲಾಟಿಗೆ ನೂರು ಓನರು. ಎದುರುಬದುರು ಬಾಗಿಲಿಗೇ ಬೇರೆ ಬೇರೆ ಬಾಡಿಗೆ. ಬ್ಯಾಂಕಿಗೆ ಕಂತು ಕಟ್ಟುತ್ತಿರುವವರು ಅದರ ಭಾರವನ್ನು ನಿನ್ನ ತಲೆಗೇ ದಾಟಿಸುತ್ತಾರೆ. ಅದೇ, 30-40 ಸೈಟಿನಲ್ಲಿ ಒಬ್ಬರೇ ಕಟ್ಟಿಸಿದ ಮೂರಂತಸ್ತಿನ ಬಿಲ್ಡಿಂಗ್ ನೋಡು. ಕೆಳಗೆ ಪೆನ್ಷನ್ ಬರುವ ಓನರ್ ದಂಪತಿ, ಮೇಲೆ ನಾಲ್ಕು ಸಂಸಾರ, ಸಾಲ ಎಂದೋ ತೀರಿದೆ. ಅಲ್ಲಿ ಒಬ್ಬರಿಗೆ ಎಷ್ಟು ಏರಿತೋ ಎಲ್ಲರಿಗೂ ಅಷ್ಟೇ, ಇಲ್ಲದಿದ್ದರೆ ಮೆಟ್ಟಿಲ ಮೇಲೇ ಜಗಳ. ರಾತ್ರಿ ಹತ್ತಕ್ಕೆ ಗೇಟು, ಯಾರು ಬಂದರು ಯಾರು ಹೋದರು ಅನ್ನುವ ವಿಚಾರಣೆ ಇದ್ದದ್ದೇ. ನಿನಗೆ ಅದು ಒಗ್ಗುತ್ತದೋ ಇಲ್ಲವೋ ನೀನೇ ನೋಡಿಕೋ.

ಒಳಗೆ ಹೋಗುವ ಮೊದಲು ಗೇಟಿನ ಬೋರ್ಡು ನೋಡು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಮನೆ ಬಾಡಿಗೆಗೆ ಇದೆ’ ಅಂತ ಬರೆದು ದಾರ ಕಟ್ಟಿದ್ದರೆ ಒಳ್ಳೆಯ ಲಕ್ಷಣ, ಆ ಮನೆಯವರಿಗೆ ಬೋರ್ಡು ಹಾಕಿ ರೂಢಿಯಿಲ್ಲ. ತಗಡಿನ ಮೇಲೆ ಪೇಂಟ್ ಮಾಡಿಸಿ, ಫೋನ್ ನಂಬರ್ ಸಮೇತ ಬೋಲ್ಟು ಹಾಕಿ ಕೂರಿಸಿದ್ದರೆ ಮುಂದೆ ನಡಿ. ಮೇಲೆ ಹತ್ತುವಾಗ ಉಳಿದ ಬಾಗಿಲುಗಳನ್ನು ಗಮನಿಸು: ಹೆಣೆದುಹಾಕಿದ ಮಣಿತೋರಣದ ಬಣ್ಣ ಮಾಸಿದೆಯಾ, ತುಳಸಿ ಗಿಡ ಕಟ್ಟಿಗೆಯಾಗಿದೆಯಾ, ಮಗು ಬೆಳೆದು ಬಿಟ್ಟ ಸಣ್ಣ ಸೈಕಲ್ ಮೂಲೆಯಲ್ಲಿದೆಯಾ. ಯಾರಾದರೂ ಹೊರಗೆ ಬಂದರೆ ಮೊದಲ ಪ್ರಶ್ನೆ, ‘ಎಷ್ಟು ವರ್ಷದಿಂದ ಇದ್ದೀರಿ?’ ಆಮೇಲೆ, ‘ಹೋದ ಸಲ ಎಷ್ಟು ಏರಿಸಿದರು?’ ಬಾಡಿಗೆ ಎಷ್ಟು ಅಂದರೆ ಹಿಂದೆಮುಂದೆ ನೋಡುವವರು, ಎಷ್ಟು ಏರಿಸಿದರು ಅಂದರೆ ನಿಂತು ಕತೆ ಹೇಳುತ್ತಾರೆ.

ಹೀಗೆ ಮೊದಲೇ ವಿಚಾರಿಸಬೇಕು ಅಂತ ಕಲಿತದ್ದು ನನ್ನ ಮೂರನೇ ಮನೆಯಲ್ಲಿ. ‘ಮಗಳು ಅಮೆರಿಕದಿಂದ ಬರ್ತಿದಾಳೆ, ಖಾಲಿ ಮಾಡಿಕೊಡಿ’ ಅಂದರು. ಮಾಡಿಕೊಟ್ಟೆ. ಹದಿನೈದು ದಿನ ಬಿಟ್ಟು ಕಾಗದಪತ್ರ ಬಂದಿದೆಯಾ ಅಂತ ಕೇಳಲು ಹೋದರೆ ಗೇಟಿಗೆ ಬೋರ್ಡು, ಬಾಡಿಗೆ ಒಂದೂವರೆ ಪಟ್ಟು. ಬೀದಿ ಕೊನೆಯ ಇಸ್ತ್ರಿಯವನು ಪೆಟ್ಟಿಗೆಗೆ ಇದ್ದಿಲು ತುಂಬುತ್ತಾ ನಕ್ಕ: ‘ನಿಮಗಿಂತ ಮುಂಚೆ ಇದ್ದೋರಿಗೂ ಅದೇ ಮಗಳೇ ಬಂದಿದ್ದು ಸಾರ್.’

ಕಮ್ಮಿ ಬಾಡಿಗೆ ಅಂತ ಮರುಳಾಗಬೇಡ. 18,000ದ ಮನೆ ಪ್ರತಿ ಕರಾರಿಗೂ ಶೇ 10ರಂತೆ ಏರಿದರೆ ನಾಲ್ಕನೇ ಕರಾರಿಗೆ 23,958. ಶೇ 5ರಂತೆ ಏರುವ 20,000ದ ಮನೆ ಆಗ 23,153ರಲ್ಲಿರುತ್ತದೆ. ಇನ್ನು ಏರಿಕೆ ಬಾಡಿಗೆಯ ರೂಪದಲ್ಲೇ ಬರಬೇಕೆಂದಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದ ಬಿಲ್ಡಿಂಗಿನವರು ಟ್ಯಾಂಕರ್‌ಗೆ ಸುರಿದ ದುಡ್ಡು ನಿನಗೂ ನೆನಪಿರಬೇಕು. ಕಾವೇರಿ ಕನೆಕ್ಷನ್ ಇದೆಯಾ, ವಾರಕ್ಕೆ ಎಷ್ಟು ದಿನ ನೀರು, ಮೇಂಟೆನೆನ್ಸ್ ಬಾಡಿಗೆಯೊಳಗೋ ಹೊರಗೋ, ಕೇಳಿ ತಿಳಿದುಕೋ.

ಮೆಟ್ರೊ ಪಕ್ಕದಲ್ಲೇ ಬೇಕು ಅನ್ನುವ ಹಟ ಬಿಡು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ ಓಡತೊಡಗಿದ್ದು 2025ರ ಆಗಸ್ಟ್‌ನಲ್ಲಿ. ಆ ದಾರಿಯ ಓನರುಗಳ ಆಸೆ ಇನ್ನೂ ಬಿಸಿಬಿಸಿ. ಹಸಿರು ಮಾರ್ಗ ಜಯನಗರದ ಕಡೆಗೆ ಬಂದದ್ದು 2017ರಲ್ಲಿ, ಅಲ್ಲಿ ಏರುವುದೆಲ್ಲ ಆಗಲೇ ಏರಿ ಕೂತಿದೆ. ಅಡ್ಡರಸ್ತೆಗಳಲ್ಲಿ ಹಳೇ ಬಿಲ್ಡಿಂಗ್ ಸಿಕ್ಕರೆ ಆರ್.ವಿ. ರಸ್ತೆಯಲ್ಲಿ ರೈಲು ಬದಲಿಸಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಬಹುದು.

ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಗೊತ್ತಾ? ವರ್ಷ ದಾಟಿದರೆ ನೋಂದಣಿ ಕಡ್ಡಾಯ, ಅದನ್ನು ತಪ್ಪಿಸಲು. ಇರಲಿ. ‘ಮಾರುಕಟ್ಟೆ ದರದಂತೆ ಹೆಚ್ಚಿಸಲಾಗುವುದು’ ಅಂತಿದ್ದರೆ ಸಹಿ ಹಾಕಬೇಡ. ಶೇ 5 ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸು, ಮುಂದಿನ ಎರಡು ಸಲಕ್ಕೂ ಅಷ್ಟೇ ಅಂತ ಸೇರಿಸು.

ಈ ಭಾನುವಾರ ಮನೆ ನೋಡಲು ಹೋಗುವಾಗ ಬರಿಗೈಲಿ ಹೋಗಬೇಡ. ನಾಲ್ಕು ಬಟ್ಟೆ ತಗೊಂಡು ಹೋಗು, ಆ ಬೀದಿಯ ಇಸ್ತ್ರಿಯವನಿಗೆ ಕೊಟ್ಟು, ಆಗೋವರೆಗೂ ಅಲ್ಲೇ ನಿಂತಿರು.