ತಾತನ ಗಾಯ ಯಾಕೆ ಮಾಯಲಿಲ್ಲ?

ಕಳೆದ ಸುಗ್ಗಿಯಲ್ಲಿ ನಾಗಮಂಗಲದ ಹತ್ತಿರ ನಮ್ಮ ಹೊಲದಲ್ಲಿ ಒಂದೇ ದಿನ ಎರಡು ಗಾಯ ಆದವು. ರಾಗಿ ಕೊಯ್ಯುವಾಗ ನಮ್ಮ ಬೆರಳಿಗೆ ಕುಡುಗೋಲು ತಾಗಿತು, ತಾತನ ಕಾಲಿಗೆ ಕೂಳೆ ಚುಚ್ಚಿತು. ನಮ್ಮದು ಹತ್ತು ದಿನಕ್ಕೆ ಮಾಯ್ತು. ತಾತನದ್ದು ಎರಡು ತಿಂಗಳಾದರೂ ಹಸಿ. "ನಿಂದು ವಾಸಿಯಾಯ್ತಲ್ಲ ಮಗ, ನಂದ್ಯಾಕ್ಲಾ ಇನ್ನೂ ಹಂಗೇ ಅದೆ?" ಅಂತ ಕೇಳಿದರು. "ಶುಗರ್ ಇದೆಯಲ್ಲ ತಾತ" ಅಂದ್ವಿ. ಅದು ಪೂರ್ತಿ ಉತ್ತರ ಅಲ್ಲ ಅಂತ ನಮಗೇ ಗೊತ್ತಿತ್ತು. ಅದಕ್ಕೇ ಓದೋಕೆ ಕೂತ್ವಿ.

ಗಾಯವಾದಾಗ ಪ್ಲೇಟ್‌ಲೆಟ್‌ಗಳು ರಕ್ತ ನಿಲ್ಲಿಸಿ ಸುಮ್ಮನಾಗುವುದಿಲ್ಲ. ತಮ್ಮೊಳಗಿನ ಪಿಡಿಜಿಎಫ್, ಟಿಜಿಎಫ್-ಬೀಟಾ ಎಂಬ ಗ್ರೋತ್ ಫ್ಯಾಕ್ಟರ್‌ಗಳನ್ನು ಚೆಲ್ಲುತ್ತವೆ. ಇವು ಪ್ರೋಟೀನ್‌ಗಳು, ಜೀವಕೋಶದ ರಿಸೆಪ್ಟರ್ ಮೇಲೆ ಕೂತು ಬಾ, ಬೆಳೆ, ಕೊಲಾಜೆನ್ ಹೆಣೆ ಅಂತ ಹೇಳುತ್ತವೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್‌ಗಳು ಬಂದು ಬ್ಯಾಕ್ಟೀರಿಯಾ ಕೊಲ್ಲುತ್ತವೆ, ಎರಡು ಮೂರು ದಿನಕ್ಕೆ ಮ್ಯಾಕ್ರೋಫೇಜ್‌ಗಳ ಸರದಿ. ಊತ, ಕೆಂಪು, ನೋವು ಈ ಹಂತದ್ದೇ. ಉರಿಯೂತ ಕೆಟ್ಟದ್ದಲ್ಲ, ಟೈಮಿಗೆ ಸರಿಯಾಗಿ ನಿಲ್ಲಬೇಕು ಅಷ್ಟೇ.

ನಿಲ್ಲಿಸೋದು ಯಾರು? ನಮಗೆ ತುಂಬಾ ಹಿಡಿಸಿದ ಭಾಗ ಇದು. ಕೆಲಸ ಮುಗಿಸಿ ಸತ್ತ ನ್ಯೂಟ್ರೋಫಿಲ್‌ಗಳನ್ನು ಮ್ಯಾಕ್ರೋಫೇಜ್ ನುಂಗುತ್ತೆ. ನುಂಗಿದ ಮೇಲೆ ಅದರ ಸ್ವಭಾವವೇ ಬದಲಾಗುತ್ತೆ: ಉರಿಯೂತದ ಸಂಕೇತ ಕಡಿಮೆ ಮಾಡಿ ಟಿಜಿಎಫ್-ಬೀಟಾ, ವಿಇಜಿಎಫ್ ಬಿಡುತ್ತೆ. ಮೊದಲನೆಯದು ಕೊಲಾಜೆನ್ ಮಾಡಿಸಿದರೆ, ಎರಡನೆಯದು ಹೊಸ ರಕ್ತನಾಳ ಬೆಳೆಸುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ನೆಗೆಟಿವ್ ಫೀಡ್‌ಬ್ಯಾಕ್ ಅಂತ ತಕ್ಷಣ ಹೊಳೆಯುತ್ತೆ.

ಶುಗರ್ ಇರುವವರಲ್ಲಿ ಈ ಬದಲಾವಣೆ ತಡ. ಮ್ಯಾಕ್ರೋಫೇಜ್‌ಗಳು ಉರಿಯೂತದ ಹಂತದಲ್ಲೇ ಉಳಿಯುತ್ತವೆ, ಅಲ್ಲಿ ಹೆಚ್ಚಾಗುವ ಪ್ರೋಟಿಯೇಸ್ ಕಿಣ್ವಗಳು ಗ್ರೋತ್ ಫ್ಯಾಕ್ಟರ್‌ಗಳನ್ನೇ ಕತ್ತರಿಸಿ ಹಾಕುತ್ತವೆ. ಕಾಲಿಗೆ ರಕ್ತ ಸಾಲದು, ಸ್ಪರ್ಶವೂ ಮಂದ. ತಾತನಿಗೆ ಕೂಳೆ ಚುಚ್ಚಿದ್ದು ಗೊತ್ತಾಗಿದ್ದೇ ಸಂಜೆ, ಕಾಲು ತೊಳೆಯುವಾಗ.

ಹಾಗಾದ್ರೆ ಹೊರಗಿನಿಂದ ಹಚ್ಚಿದರೆ? ಹಚ್ಚುತ್ತಾರೆ. ಇಂಥ ಕಾಲಿನ ಹುಣ್ಣಿಗೆ ಪಿಡಿಜಿಎಫ್ ಜೆಲ್‌ಗೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಇಜಿಎಫ್ ಜೆಲ್ ಇದೆ. ಇಜಿಎಫ್ ಕಂಡುಹಿಡಿದ ಸ್ಟ್ಯಾನ್ಲಿ ಕೊಹೆನ್‌ಗೆ ರೀಟಾ ಲೆವಿ-ಮೊಂಟಾಲ್ಚಿನಿ ಜೊತೆ ನೊಬೆಲ್ ಬಂದಿದ್ದು 1986ರಲ್ಲಿ. ನಮ್ಮ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದ್ದೂ ಅದೇ ವರ್ಷ! ಆದರೆ ಪ್ರೋಟಿಯೇಸ್ ತುಂಬಿದ ಗಾಯದಲ್ಲಿ ಜೆಲ್‌ನ ಪ್ರೋಟೀನ್ ಕೂಡ ಬೇಗ ಹಾಳಾಗುತ್ತೆ. ಅದಕ್ಕೇ ಮೊದಲು ಸತ್ತ ಮಾಂಸ ತೆಗೆಯಬೇಕು, ಸೋಂಕು, ಶುಗರ್ ಎರಡೂ ಹತೋಟಿಗೆ ಬರಬೇಕು, ಆ ಕಾಲಿನ ಮೇಲೆ ಭಾರ ಬೀಳಬಾರದು. ಕ್ಯಾನ್ಸರ್ ಇರುವ ಜಾಗಕ್ಕೆ ಹಚ್ಚುವಂತೆಯೇ ಇಲ್ಲ, ಬೆಳೆ ಅನ್ನೋ ಮಾತು ಆ ಕೋಶಗಳಿಗೂ ಕೇಳಿಸುತ್ತಲ್ಲ. ಪ್ರೋಟೀನನ್ನು ಕಾಪಾಡಿ ನಿಧಾನಕ್ಕೆ ಬಿಡುವ ಹೈಡ್ರೋಜೆಲ್ ಮಾಡೋದು ಮಾತ್ರ ನಮ್ಮಂಥ ಎಂಜಿನಿಯರ್‌ಗಳ ಕೆಲಸ.

ಅರಿಶಿನ, ಕಾಫಿಪುಡಿ ಒತ್ತುತ್ತಿದ್ದ ತಾತ ಈಗ ಡ್ರೆಸ್ಸಿಂಗ್‌ಗೆ ಹೋಗ್ತಿದ್ದಾರೆ. ಹೋದ ಭಾನುವಾರ ಪಟ್ಟಿ ಬಿಚ್ಚಿದಾಗ ಗಾಯದ ತಳದಲ್ಲಿ ಕೆಂಪಗೆ ಹೊಸ ಮಾಂಸ ಕಾಣಿಸಿತು. "ಇದೇ ವಿಇಜಿಎಫ್ ತಾತ" ಅಂದ್ವಿ. "ಅದೇನೋ, ಉರಿ ಕಮ್ಮಿ ಆಗದೆ ಕಣ್ಲಾ" ಅಂದರು.