ಎರಡು ಶಾಲೆ, ಒಂದೇ ಅಡ್ಮಿಷನ್ ನಂಬರ್

ನಿಮ್ಮ ಶಾಲೆಯ ಅಡ್ಮಿಷನ್ ರಿಜಿಸ್ಟರನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. 4127 ಅಂದರೆ ಒಂದೇ ಮಗು. ಹೆಸರು ಮೂರು ಮಕ್ಕಳಿಗೆ ಒಂದೇ ಇರಬಹುದು, ನಂಬರು ಹಾಗಲ್ಲ. ಟಿ.ಸಿ. ತೆಗೆದುಕೊಂಡು ಹೋದ ಮಗುವಿನ ನಂಬರನ್ನೂ ನಾವು ಇನ್ನೊಬ್ಬರಿಗೆ ಕೊಡುವುದಿಲ್ಲ. ಈ ನಂಬಿಕೆಯ ಮೇಲೆಯೇ ಕಳೆದ ವರ್ಷ ನಾನೊಂದು ವ್ಯವಸ್ಥೆ ಮಾಡಿ ಎಡವಿದೆ. ಎಡವಿದ್ದು ಎಲ್ಲಿ ಅಂತ ಹೇಳಿದರೆ ನಿಮಗೂ ಉಪಯೋಗವಾದೀತು.

ನಮ್ಮ ಮತ್ತು ಪಕ್ಕದ ಶಾಲೆಯ ವಿಜ್ಞಾನ ಕ್ಲಬ್ಬಿನ ಮಕ್ಕಳಿಗೆ ಕಂಪ್ಯೂಟರಿನಲ್ಲೇ ಒಂದು ರಸಪ್ರಶ್ನೆ ಮಾಡುವ ಆಲೋಚನೆ. ನಮ್ಮಲ್ಲಿ ಕಲಿತು ಈಗ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗನೊಬ್ಬ ರಜೆಯಲ್ಲಿ ಊರಿಗೆ ಬಂದಿದ್ದ. ಅವನು ನನ್ನ ಲ್ಯಾಪ್‌ಟಾಪಿಗೆ ವೆಬ್‌ಸ್ಫಿಯರ್ ಎಂಬ ಅಪ್ಲಿಕೇಶನ್ ಸರ್ವರ್ ಹಾಕಿ, ರಸಪ್ರಶ್ನೆಯ ಪ್ರೋಗ್ರಾಮನ್ನು ಅದರಲ್ಲಿ ಕೂರಿಸಿ ಕೊಟ್ಟ. "ಉಳಿದದ್ದು ನೀವೇ ಮಾಡಿ ಟೀಚರ್, ಕಷ್ಟ ಇಲ್ಲ" ಅಂದ. ಕಷ್ಟ ಇಲ್ಲ ಅನ್ನುವವರ ಮಾತನ್ನು ಸ್ವಲ್ಪ ಹುಷಾರಾಗಿಯೇ ಕೇಳಬೇಕು.

ಇಲ್ಲಿ ಒಂದು ಸಂಗತಿ ತಿಳಿದಿರಲಿ. "ನೀನು ಯಾರು?" ಎಂದು ಕೇಳುವ ಕೆಲಸ ರಸಪ್ರಶ್ನೆಯ ಪ್ರೋಗ್ರಾಮಿನದ್ದಲ್ಲ. ಅದು ಸರ್ವರಿನ ಕೆಲಸ. ಸರ್ವರ್ ತನ್ನ ಬಳಕೆದಾರರ ಪಟ್ಟಿ ನೋಡಿ, ಹೆಸರೂ ಪಾಸ್‌ವರ್ಡೂ ಸರಿಯಿದ್ದರೆ ಒಳಗೆ ಬಿಡುತ್ತದೆ. ಮೊದಲೆಲ್ಲ ವೆಬ್‌ಸ್ಫಿಯರಿನಲ್ಲಿ ಇಂಥ ಪಟ್ಟಿ ಒಮ್ಮೆಗೆ ಒಂದೇ ಇರಬಹುದಿತ್ತು. 2006ರಲ್ಲಿ ಬಂದ 6.1ನೇ ಆವೃತ್ತಿಯಿಂದ ಹಲವು ಪಟ್ಟಿಗಳನ್ನು ಸೇರಿಸಿ ಒಂದೇ ಪಟ್ಟಿಯಂತೆ ಬಳಸುವ ಸೌಲಭ್ಯ ಬಂತು. ಅದಕ್ಕೆ ಫೆಡರೇಟೆಡ್ ರೆಪಾಸಿಟರಿ ಎಂದು ಹೆಸರು. ಕನ್ನಡದಲ್ಲಿ ಪಟ್ಟಿಗಳ ಒಕ್ಕೂಟ ಅನ್ನೋಣ. ಗಮನಿಸಿ, ಪಟ್ಟಿಗಳನ್ನು ನಕಲು ಮಾಡಿ ಒಂದು ಕಡೆ ರಾಶಿ ಹಾಕುವುದಿಲ್ಲ. ಪ್ರತಿ ಪಟ್ಟಿ ಅದರ ಜಾಗದಲ್ಲೇ ಇರುತ್ತದೆ, ಸರ್ವರ್ ಹೋಗಿ ಕೇಳಿ ಬರುತ್ತದೆ.

ನಮ್ಮ ಮಕ್ಕಳ ಹೆಸರುಗಳನ್ನು ಸರ್ವರಿನ ಸ್ವಂತ ಫೈಲ್ ಪಟ್ಟಿಯಲ್ಲೇ ಸೇರಿಸಿದೆ. ಪಕ್ಕದ ಶಾಲೆಯವರು ಮೊದಲೇ ತಮ್ಮ ಲ್ಯಾಬಿಗಾಗಿ ಎಲ್‌ಡ್ಯಾಪ್ ಪಟ್ಟಿ ಮಾಡಿಟ್ಟಿದ್ದರು. ಅವರ ಟೀಚರ್ ಆ ಕಂಪ್ಯೂಟರನ್ನೇ ಆಟೋದಲ್ಲಿ ತಂದರು. ಎಲ್‌ಡ್ಯಾಪ್ ಅಂದರೆ ಇಂಥ ಪಟ್ಟಿಗಳ ಜೊತೆ ಮಾತಾಡುವ ಒಂದು ಒಪ್ಪಿತ ಕ್ರಮ, 1993ರಿಂದ ಬಳಕೆಯಲ್ಲಿದೆ. ಅದರಲ್ಲಿ ಪ್ರತಿಯೊಬ್ಬರಿಗೂ ಅಂಚೆ ವಿಳಾಸದಂಥ ಉದ್ದನೆಯ ಗುರುತು ಇರುತ್ತದೆ: ಮೊದಲು ವ್ಯಕ್ತಿ, ಆಮೇಲೆ ವಿಭಾಗ, ಆಮೇಲೆ ಸಂಸ್ಥೆ.

ಜೋಡಿಸುವ ಕ್ರಮ ಇಷ್ಟು. ಸರ್ವರಿನ ಆಡಳಿತ ಪುಟದಲ್ಲಿ ಗ್ಲೋಬಲ್ ಸೆಕ್ಯುರಿಟಿ ತೆರೆದು, ಫೆಡರೇಟೆಡ್ ರೆಪಾಸಿಟರೀಸ್ ಆರಿಸಿ ಕಾನ್ಫಿಗರ್ ಒತ್ತಬೇಕು. ಅಲ್ಲಿ ಎಲ್‌ಡ್ಯಾಪ್ ಕಂಪ್ಯೂಟರಿನ ವಿಳಾಸ, ಪೋರ್ಟ್ 389, ಪಟ್ಟಿಯನ್ನು ಓದಲು ಅನುಮತಿಯಿರುವ ಖಾತೆ ಮತ್ತು ಅದರ ಪಾಸ್‌ವರ್ಡ್ ಕೊಡಬೇಕು. ಪಟ್ಟಿಯ ಯಾವ ಕೊಂಬೆಯಿಂದ ಹುಡುಕಬೇಕು ಎಂಬುದನ್ನೂ ಬರೆಯಬೇಕು, ಅದಕ್ಕೆ ಬೇಸ್ ಎಂಟ್ರಿ ಎನ್ನುತ್ತಾರೆ. ಉಳಿಸಿ ಸರ್ವರನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಆಯಿತು. (389ರಲ್ಲಿ ಹೋಗುವ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲ, ತೆರೆದ ಕಾರ್ಡು. ಲ್ಯಾಬಿನ ಹೊರಗೆ ಬಳಸುವುದಾದರೆ ಗೂಢಲಿಪಿಯ 636 ಬೇಕೇ ಬೇಕು.) ಎರಡೂ ಶಾಲೆಯ ಮಕ್ಕಳಿಗೆ ಅವರವರ ಅಡ್ಮಿಷನ್ ನಂಬರೇ ಯೂಸರ್ ನೇಮ್. ಪ್ರತಿ ಶಾಲೆಯಿಂದ ಒಬ್ಬೊಬ್ಬರನ್ನು ಕೂರಿಸಿ ಪರೀಕ್ಷಿಸಿದೆ, ಸರಾಗ ಹೋಯಿತು.

ರಸಪ್ರಶ್ನೆಯ ದಿನ ನಮ್ಮ ಒಂಬತ್ತನೆಯ ಕ್ಲಾಸಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಟೀಚರ್, ಒಳಗೆ ಹೋಗುವುದಿಲ್ಲ." ಪಾಸ್‌ವರ್ಡ್ ಸರಿಯಾಗಿ ಹಾಕು ಅಂದೆ. "ಸರಿಯೇ ಉಂಟು ಟೀಚರ್." ಮೂರು ಸಲ ಹಾಕಿಸಿದೆ. ಕೊನೆಗೆ, ಬರೆದುಕೊಂಡದ್ದನ್ನು ಕಳೆದುಕೊಂಡಿದ್ದೀ ಅಂತ ಎಲ್ಲರೆದುರು ಗದರಿದೆ. ಅಷ್ಟರಲ್ಲಿ ಆಚೆ ಸಾಲಿನಲ್ಲಿ ಪಕ್ಕದ ಶಾಲೆಯ ಹುಡುಗನಿಗೂ ಅದೇ ಅವಸ್ಥೆ. ಇಬ್ಬರಿಗೂ ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕೊಟ್ಟೆವು. ಹುಡುಗಿ ತಲೆ ತಗ್ಗಿಸಿ ಬರೆದಳು.

ಸಂಜೆ ಸರ್ವರಿನ ಲಾಗ್ ಫೈಲ್ ತೆರೆದರೆ, ಒಂದೇ ಹೆಸರಿಗೆ ಒಂದಕ್ಕಿಂತ ಹೆಚ್ಚು ಬಳಕೆದಾರರು ಸಿಕ್ಕಿದ್ದಾರೆ ಎಂಬ ಅರ್ಥದ ಸಾಲು. ಅವಳು ನಮ್ಮ 4127, ಅವನು ಅವರ 4127! ಒಕ್ಕೂಟ ಮಾಡಿದಾಗ ಸರ್ವರ್ ಒಂದು ಪಟ್ಟಿಯಲ್ಲಿ ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸುವುದಿಲ್ಲ. ಎಲ್ಲ ಪಟ್ಟಿಗಳನ್ನೂ ನೋಡುತ್ತದೆ. ಎರಡು ಕಡೆ ಸಿಕ್ಕಿದರೆ ಯಾರನ್ನೂ ಆರಿಸದೆ ಇಬ್ಬರನ್ನೂ ಹೊರಗೆ ನಿಲ್ಲಿಸುತ್ತದೆ. ಪಾಸ್‌ವರ್ಡ್ ಸರಿ ಇದ್ದರೂ ಅಷ್ಟೆ. ತಪ್ಪು ವ್ಯಕ್ತಿಯನ್ನು ಒಳಗೆ ಬಿಡುವುದಕ್ಕಿಂತ ಅದೇ ಮೇಲು ಅಂತ ನನಗೂ ಅನ್ನಿಸುತ್ತದೆ. ಆದರೆ ಮಗುವಿನೆದುರಿನ ಪರದೆಯಲ್ಲಿ ಕಾಣುವುದು ಲಾಗಿನ್ ಆಗಲಿಲ್ಲ ಎಂಬುದು ಮಾತ್ರ. ಕಾರಣ ಇರುವುದು ಲಾಗಿನಲ್ಲಿ. ಮರುದಿನ ಅಸೆಂಬ್ಲಿ ಮುಗಿದ ಮೇಲೆ ಹುಡುಗಿಯನ್ನು ಕರೆದು, ಅವಳ ಗೆಳತಿಯರ ಎದುರೇ, ತಪ್ಪು ನನ್ನದು ಅಂದೆ.

ಗಣಗಳ ಪಾಠದ ಭಾಷೆಯಲ್ಲಿ ಹೇಳುವುದಾದರೆ, ಒಕ್ಕೂಟಕ್ಕೆ ಸೇರುವ ಪಟ್ಟಿಗಳ ಛೇದನ ಗಣ ಶೂನ್ಯ ಗಣವಾಗಿರಬೇಕು. ಅಡ್ಮಿಷನ್ ನಂಬರ್ ಒಂದು ಶಾಲೆಯ ಒಳಗೆ ಮಾತ್ರ ಒಂಟಿ. ಎಲ್‌ಡ್ಯಾಪಿನ ಉದ್ದ ವಿಳಾಸದಲ್ಲಿ ಶಾಲೆಯ ಹೆಸರೂ ಇರುವುದರಿಂದ ಅದು ಬೇರೆಯೇ, ಆದರೆ ಅದನ್ನು ಮಕ್ಕಳು ಟೈಪ್ ಮಾಡುತ್ತಾರಾ? ನಾವು ಕೊನೆಗೆ ನಂಬರಿನ ಮುಂದೆ ಊರಿನ ಮೊದಲ ಅಕ್ಷರ ಸೇರಿಸಿದೆವು.

ಅದೇ ದಿನದ ಇನ್ನೊಂದು ಎಡವಟ್ಟು ಹೇಳದಿದ್ದರೆ ಪಾಠ ಅರ್ಧ. ನಡುವೆ ಯಾರದ್ದೋ ಕಾಲು ತಾಗಿ ಎಲ್‌ಡ್ಯಾಪ್ ಕಂಪ್ಯೂಟರಿನ ಪ್ಲಗ್ ಕಳಚಿತು. ಆ ಶಾಲೆಯ ಮಕ್ಕಳಿಗೆ ತೊಂದರೆಯಾಗುವುದು ಸರಿ ಮಾರಾಯ್ರೆ, ನಮ್ಮ ಮಕ್ಕಳಿಗೂ ಲಾಗಿನ್ ಆಗಲಿಲ್ಲ. ಆಡಳಿತ ಪುಟಕ್ಕೆ ನನಗೇ ಪ್ರವೇಶ ಇಲ್ಲ, ನನ್ನ ಖಾತೆ ಇರುವುದು ನನ್ನದೇ ಲ್ಯಾಪ್‌ಟಾಪಿನ ಫೈಲ್ ಪಟ್ಟಿಯಲ್ಲಿ! ತಾನಾಗಿ ಇರುವ ಹೊಂದಿಕೆಯಲ್ಲಿ ಪಟ್ಟಿಗಳು ಶ್ರೇಣಿ ಜೋಡಣೆಯ ಬಲ್ಬುಗಳ ಹಾಗೆ. ಒಂದು ಆರಿದರೆ ಎಲ್ಲವೂ ಆರಿತು. ಪ್ಲಗ್ ಹಾಕಿದ ಮೇಲೆಯೇ ಜೀವ ಬಂತು. ಇದನ್ನು ಸಮಾಂತರ ಜೋಡಣೆ ಮಾಡಲು ಅದೇ ಪುಟದಲ್ಲಿ, ಕೆಲವು ಪಟ್ಟಿಗಳು ನಿಂತಿದ್ದರೂ ಕೆಲಸ ಮುಂದುವರಿಯಲಿ ಎಂಬ ಒಂದು ಗುರುತಿನ ಚೌಕ ಇದೆ.

ಹಾಗಾದರೆ ಅದಕ್ಕೆ ಮೊದಲೇ ಟಿಕ್ ಹಾಕಿಡಬಾರದೇ? ನಾನು ಕೂಡಲೇ ಹಾಕಲಿಲ್ಲ. ಯೋಚಿಸಿ: ಅವರ ಪಟ್ಟಿ ನಿಂತಿರುವಾಗ ಅಲ್ಲಿಯೂ ಒಬ್ಬ 4127 ಇದ್ದಾನೆ ಅಂತ ಸರ್ವರಿಗೆ ಗೊತ್ತಾಗುವುದಿಲ್ಲ. ನಮ್ಮ ಹುಡುಗಿ ಸಲೀಸಾಗಿ ಒಳಗೆ ಹೋಗುತ್ತಾಳೆ. ಪ್ರೋಗ್ರಾಮು ಬರೇ ನಂಬರ್ ನೋಡಿ ಅಂಕ ಬರೆಯುವಂಥದ್ದಾದರೆ ಅವಳ ಅಂಕ ಹುಡುಗನ ಲೆಕ್ಕಕ್ಕೂ ಬೀಳಬಹುದು. ಹಾಗಾಗಿ ಮೊದಲು ನಂಬರುಗಳನ್ನು ಬೇರೆ ಮಾಡಿ, ಆಮೇಲೆ ಟಿಕ್ ಹಾಕಿದೆವು.

ನಂಬರು ಹೊಂದುತ್ತದೆಯೇ ಎಂದು ನೋಡುವುದು ಹತ್ತು ನಿಮಿಷದ ಕೆಲಸ, ಮಕ್ಕಳಿಂದಲೇ ಮಾಡಿಸಬಹುದು. ಲಿಬ್ರೆ ಆಫೀಸ್ ಕ್ಯಾಲ್ಕಿನಲ್ಲಿ ಎರಡೂ ಶಾಲೆಯ ನಂಬರುಗಳನ್ನು ಒಂದೇ ಕಂಬದಲ್ಲಿ ಕೆಳಗೆ ಕೆಳಗೆ ಹಾಕಿ, ಪಕ್ಕದ ಕಂಬದಲ್ಲಿ ಕೌಂಟ್‌ಇಫ್ ಸೂತ್ರ ಬರೆಯಿಸಿ. 1ಕ್ಕಿಂತ ಹೆಚ್ಚು ಬಂದ ಸಾಲುಗಳನ್ನು ಅವರೇ ಹುಡುಕಲಿ. ನಮ್ಮ ಪಟ್ಟಿಯಲ್ಲಿ ಆ ದಿನ ಗೈರುಹಾಜರಾಗಿದ್ದ ಇನ್ನೂ ಒಂದು ಜೋಡಿ ಇತ್ತು. ಅದನ್ನು ಹುಡುಕಿ ಕೊಟ್ಟವಳು ಅದೇ ಹುಡುಗಿ.